ಹೋಯ್ಸ್ಟ್ ಗುಂಯ್‌ಗುಡುತ್ತದೆ, ಎತ್ತುವುದಿಲ್ಲ: ದೋಷ ಹುಡುಕುವ ಬಗೆ

ಬೆಳಿಗ್ಗೆ ಚೆನ್ನಾಗಿಯೇ ಎತ್ತುತ್ತಿದ್ದ ಹೋಯ್ಸ್ಟ್ (ಭಾರ ಎತ್ತುವ ವಿದ್ಯುತ್ ಯಂತ್ರ) ಮಧ್ಯಾಹ್ನದ ಹೊತ್ತಿಗೆ ಮೊಂಡು ಹಿಡಿಯುತ್ತದೆ. ಬಟನ್ ಒತ್ತಿದರೆ ಮೋಟಾರ್ ಗುಂಯ್ ಎನ್ನುತ್ತದೆ, ಹುಕ್ ಅಲುಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಎತ್ತುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಇಂಥದ್ದೇ ಒಂದು 2 ಟನ್ ವೈರ್ ರೋಪ್ ಹೋಯ್ಸ್ಟ್‌ನ ಮೋಟಾರನ್ನು ಎರಡು ಸಲ ರಿವೈಂಡ್ ಮಾಡಿಸಿದೆವು. ಮೂರನೇ ಸಲ ಸುಟ್ಟ ವಾಸನೆ ಬಂದಾಗ ಹಿರಿಯರೊಬ್ಬರು ಬ್ರೇಕಿನ ಕವರ್ ಬಿಚ್ಚಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದರು. 0.4 ಮಿಲಿಮೀಟರ್ ಇರಬೇಕಾದ ಗ್ಯಾಪ್ 1 ಮಿಲಿಮೀಟರ್ ದಾಟಿತ್ತು. ಮೋಟಾರಿನ ತಪ್ಪು ಏನೂ ಇರಲಿಲ್ಲ. ಬ್ರೇಕ್ ಪೂರ್ತಿ ಬಿಡದೆ ಹಿಡಿದುಕೊಂಡೇ ಇದ್ದುದರಿಂದ ಅದು ಎಳೆದೆಳೆದು ಬೆಂದುಹೋಗುತ್ತಿತ್ತು.

ಅಂದಿನಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳುತ್ತೇನೆ: ಕೆಟ್ಟಿರುವುದು ಆಜ್ಞೆಯೋ, ಕರೆಂಟೋ, ಬ್ರೇಕೋ? ಆಜ್ಞೆ ಎಂದರೆ ಪೆಂಡೆಂಟ್ (ಕೈಗೆಟುಕುವಂತೆ ಇಳಿಬಿಟ್ಟ ಬಟನ್ ಪೆಟ್ಟಿಗೆ) ಬಟನ್‌ನಿಂದ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ವಿದ್ಯುತ್ಕಾಂತದ ಸ್ವಿಚ್) ಕಾಯಿಲ್‌ವರೆಗಿನ ಕಂಟ್ರೋಲ್ ಸರ್ಕ್ಯೂಟ್. ಕರೆಂಟ್ ಎಂದರೆ ಮೂರು ಫೇಸೂ ಮೋಟಾರ್ ಟರ್ಮಿನಲ್‌ಗೆ ಸರಿಯಾಗಿ ಮುಟ್ಟುವುದು. ಬ್ರೇಕಿನ ಸ್ವಭಾವವನ್ನಂತೂ ಯಾವಾಗಲೂ ನೆನಪಿನಲ್ಲಿಟ್ಟುಕೊಳ್ಳಬೇಕು: ಅದನ್ನು ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ವಿದ್ಯುತ್. ಕರೆಂಟ್ ಹೋದರೆ ಬ್ರೇಕ್ ತಾನಾಗಿ ಹಿಡಿಯಬೇಕು. ಗೇರ್‌ಬಾಕ್ಸ್, ಚೈನ್, ರೋಪ್ ಇವೆಲ್ಲ ಆಮೇಲಿನ ಮಾತು.

ಲೋಡ್ ಮೇಲೆಯೇ ನಿಂತುಬಿಟ್ಟಿದ್ದರೆ

ಹುಕ್ಕಿನಲ್ಲಿ ಲೋಡ್ ಇದೆಯೇ ಎಂದು ಮೊದಲು ನೋಡಿ. ಇದ್ದರೆ ರಿಪೇರಿಯ ಯೋಚನೆ ಬಿಡಿ. ಎಮರ್ಜೆನ್ಸಿ ಸ್ಟಾಪ್ ಒತ್ತಿ, ಕೆಳಗಿರುವವರನ್ನೆಲ್ಲ ದೂರ ಕಳಿಸಿ, ಸುತ್ತ ಹಗ್ಗವನ್ನೋ ಟೇಪನ್ನೋ ಕಟ್ಟಿ. ಲೋಡಿನ ಅಡಿಗೆ ಗಟ್ಟಿ ಆಸರೆ ಕೊಡಬೇಕು, ಇಲ್ಲವೇ ಆ ತೂಕ ತಾಳುವ ಇನ್ನೊಂದು ಹೋಯ್ಸ್ಟ್‌ಗೆ ಭಾರ ವರ್ಗಾಯಿಸಬೇಕು. ಆಸರೆ ಜೋಡಿಸುವಾಗಲೂ ಮೈ ಲೋಡಿನ ನೆರಳಿನೊಳಗೆ ಹೋಗದಿರಲಿ. ಮರದ ದಿಮ್ಮಿಯನ್ನು ಉದ್ದ ಕೋಲಿನಿಂದ ತಳ್ಳಿ. ಲೋಡ್ ತೂಗುತ್ತಿರುವಾಗ ಬ್ರೇಕ್, ಮೋಟಾರ್, ಗೇರ್‌ಬಾಕ್ಸ್ ಮೂರರಲ್ಲಿ ಯಾವುದನ್ನೂ ಬಿಚ್ಚುವಂತಿಲ್ಲ. ಬ್ರೇಕ್ ಸಾಮಾನ್ಯವಾಗಿ ಮೋಟಾರಿನ ಶಾಫ್ಟ್ ಮೇಲೆಯೇ ಇರುತ್ತದೆ. ಮೋಟಾರಿನ ನಾಲ್ಕು ಬೋಲ್ಟ್ ಬಿಚ್ಚಿದಿರಿ ಎಂದರೆ ಲೋಡನ್ನು ಹಿಡಿದಿದ್ದ ಕೈಯನ್ನೇ ಬಿಡಿಸಿದಂತೆ.

ಕೆಲವು ಹೋಯ್ಸ್ಟ್‌ಗಳಲ್ಲಿ ಬ್ರೇಕನ್ನು ಕೈಯಿಂದ ಬಿಡಿಸುವ ಲಿವರ್ ಇರುತ್ತದೆ. ಅದನ್ನು ಬಳಸುವ ಕ್ರಮ ತಯಾರಕರ ಪುಸ್ತಕದಲ್ಲಿದ್ದರೆ, ಅದನ್ನು ಮಾಡಿ ಅನುಭವವಿದ್ದವರಿದ್ದರೆ ಮಾತ್ರ ಮುಟ್ಟಿ. ಎಳೆದು ಬಿಡು, ಎಳೆದು ಬಿಡು ಎಂಬಂತೆ ಚೂರುಚೂರೇ ಇಳಿಸಬೇಕು. ಮಾಮೂಲಾಗಿ ಇಳಿಸುವಾಗ ಮೋಟಾರೇ ಲೋಡಿನ ವೇಗವನ್ನು ತಡೆದು ಹಿಡಿದಿರುತ್ತದೆ. ಲಿವರ್ ಎಳೆದಾಗ ಆ ತಡೆ ಇಲ್ಲ. ಒಂದೇ ಸಮನೆ ಎಳೆದು ಹಿಡಿದರೆ ಲೋಡ್ ವೇಗ ಪಡೆದು, ಆಮೇಲೆ ಬ್ರೇಕ್ ಕೂತರೂ ನಿಲ್ಲದಷ್ಟು ಓಡಿಬಿಡುತ್ತದೆ.

ಲೋಡ್ ಇಳಿಸಿದ ಮೇಲೆ, ಏನನ್ನಾದರೂ ಬಿಚ್ಚುವ ಮೊದಲು ಐಸೊಲೇಟರ್ (ಹೋಯ್ಸ್ಟ್‌ನ ಇಡೀ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಕರೆಂಟ್ ಇರುವ ಕಡೆ. ನಡುವೆ ಟೆಸ್ಟರೇ ಕೈಕೊಟ್ಟಿರಬಹುದಲ್ಲ.

ಒಂದು ಸಲ ಒತ್ತಿ, ಕಿವಿಗೊಡಿ

ಖಾಲಿ ಹುಕ್ ಮಧ್ಯದ ಎತ್ತರದಲ್ಲಿರಲಿ. ಒಬ್ಬರು ಪ್ಯಾನೆಲ್‌ಗೆ ಕಿವಿ ಕೇಳುವಷ್ಟು ಹತ್ತಿರ ನಿಲ್ಲಲಿ. ಬಟನ್ ಒಂದು ಸೆಕೆಂಡು ಒತ್ತಿ ಬಿಡಿ. ಆರೋಗ್ಯವಾಗಿರುವ ಹೋಯ್ಸ್ಟ್ ಮೂರು ಸದ್ದು ಮಾಡುತ್ತದೆ: ಪ್ಯಾನೆಲ್‌ನಲ್ಲಿ ಕಾಂಟ್ಯಾಕ್ಟರ್ ಕೂರುವ ದಪ್ಪನೆಯ 'ಟಕ್', ಮೋಟಾರಿನ ಹಿಂಬದಿಯಲ್ಲಿ ಬ್ರೇಕ್ ಪ್ಲೇಟ್ ಎಳೆದುಕೊಳ್ಳುವ ತೆಳುವಾದ 'ಟಿಕ್', ಕೂಡಲೇ ಮೋಟಾರ್ ತಿರುಗುವ ಸದ್ದು. ಬಿಟ್ಟಾಗ ಬ್ರೇಕ್ ಮತ್ತೊಮ್ಮೆ ಟಪ್ಪೆಂದು ಕೂರಬೇಕು.

ಯಾವ ಸದ್ದೂ ಇಲ್ಲದಿದ್ದರೆ ಆಜ್ಞೆ ತಲುಪುತ್ತಿಲ್ಲ. ಟಕ್ ಇದೆ, ಆಮೇಲೆ ಪೂರ್ತಿ ಮೌನ ಎಂದಾದರೆ ಕಾಂಟ್ಯಾಕ್ಟರ್‌ನಿಂದ ಆಚೆಗೆ ಕರೆಂಟ್ ಹೋಗುತ್ತಿಲ್ಲ. ಟಕ್ ಇದೆ, ಗುಂಯ್ ಇದೆ, ಟಿಕ್ ಇಲ್ಲವೆಂದರೆ ಬ್ರೇಕಿನ ಮೇಲೆ ಅನುಮಾನಪಡಿ. ಟಿಕ್ ಕೂಡ ಕೇಳಿಸಿ ಮೋಟಾರ್ ಗುಂಯ್‌ಗುಡುತ್ತ ನಿಂತಿದೆಯೆಂದರೆ ಒಂದು ಫೇಸ್ ಇಲ್ಲ, ಅಥವಾ ಒಳಗೆ ಏನೋ ಸಿಕ್ಕಿಕೊಂಡಿದೆ. ಮೋಟಾರ್ ನಿರಾಳವಾಗಿ ತಿರುಗುತ್ತಿದ್ದು ಹುಕ್ ಮಾತ್ರ ನಿಂತಲ್ಲೇ ಇದ್ದರೆ ಕ್ಲಚ್ (ತೂಕ ಮಿತಿಮೀರಿದರೆ ಜಾರಿಬಿಡುವ ಭಾಗ), ಕಪ್ಲಿಂಗ್ ಅಥವಾ ಗೇರ್. ಈ ಒಂದು ನಿಮಿಷದ ಕೆಲಸ ಅರ್ಧ ದಿನ ಉಳಿಸುತ್ತದೆ, ಆದರೂ ಬಹಳ ಜನ ಇದನ್ನು ಮಾಡದೆ ನೇರ ಏಣಿ ಹತ್ತುತ್ತಾರೆ.

ಸದ್ದೇ ಇಲ್ಲ

ನಾಚಿಕೆ ಬಿಟ್ಟು ಎಮರ್ಜೆನ್ಸಿ ಸ್ಟಾಪ್ ತಿರುಗಿಸಿ ನೋಡಿ. ಒತ್ತಿಕೊಂಡೇ ಉಳಿದಿರುವುದು ಎಷ್ಟು ಸಲವೋ. ಆಮೇಲೆ ಮೇನ್ ಫ್ಯೂಸ್, ಕಂಟ್ರೋಲ್ ಟ್ರಾನ್ಸ್‌ಫಾರ್ಮರ್‌ನ ಎರಡೂ ಕಡೆಯ ಫ್ಯೂಸ್. ಟ್ರಾನ್ಸ್‌ಫಾರ್ಮರ್‌ನ ಔಟ್‌ಪುಟ್‌ನಲ್ಲಿ ಅದರ ಪ್ಲೇಟ್ ಮೇಲೆ ಬರೆದಿರುವ 24, 48 ಅಥವಾ 110 ವೋಲ್ಟ್ ಸಿಗಬೇಕು. ಅಲ್ಲಿ ವೋಲ್ಟೇಜ್ ಇದೆ, ಕಾಯಿಲ್‌ಗೆ ಬರುತ್ತಿಲ್ಲ ಎಂದರೆ ನಡುವಿನ ಸರಪಳಿಯಲ್ಲಿ ಒಂದು ಕೊಂಡಿ ತೆರೆದಿದೆ: ಎಮರ್ಜೆನ್ಸಿ ಸ್ಟಾಪ್, ಮೋಟಾರಿನ ಥರ್ಮಲ್ ಸ್ವಿಚ್ (ಮೋಟಾರ್ ಬಿಸಿಯಾದರೆ ತೆರೆಯುವುದು), ಫೇಸ್ ಸೀಕ್ವೆನ್ಸ್ ರಿಲೇ (ಫೇಸ್‌ಗಳ ಕ್ರಮ ನೋಡುವುದು) ಇದ್ದರೆ ಅದು, ಲಿಮಿಟ್ ಸ್ವಿಚ್ (ಹುಕ್ ತುದಿ ಮುಟ್ಟಿದಾಗ ನಿಲ್ಲಿಸುವುದು), ಪೆಂಡೆಂಟ್ ಬಟನ್. ಡ್ರಾಯಿಂಗ್ ಮುಂದಿಟ್ಟುಕೊಂಡು ಒಂದೊಂದೇ ಟರ್ಮಿನಲ್ ದಾಟುತ್ತ ಹೋಗಿ. ವೋಲ್ಟೇಜ್ ಎಲ್ಲಿ ಕಾಣೆಯಾಗುತ್ತದೋ ಅದರ ಹಿಂದಿನದ್ದೇ ಕಳ್ಳ.

ಪೆಂಡೆಂಟ್ ಕೇಬಲ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಕೇಬಲ್ ಜತೆಗೆ ಒಂದು ಸಣ್ಣ ಉಕ್ಕಿನ ತಂತಿ ಅಥವಾ ಚೈನ್ ಇಳಿಬಿಟ್ಟಿರುತ್ತಾರೆ. ಪೆಂಡೆಂಟ್‌ನ ಭಾರವನ್ನೂ ಆಪರೇಟರ್ ಎಳೆಯುವ ಎಳೆತವನ್ನೂ ಹೊರಬೇಕಾದದ್ದು ಅದು. ಯಾರೋ ಅದನ್ನು ಉದ್ದ ಬಿಟ್ಟಿದ್ದರೆ, ಅಥವಾ ಅದು ಕಳಚಿ ಬಿದ್ದಿದ್ದರೆ, ಭಾರವೆಲ್ಲ ಒಳಗಿನ ತಾಮ್ರದ ಎಳೆಗಳ ಮೇಲೆ ಬೀಳುತ್ತದೆ. ಹೊರಗಿನ ರಬ್ಬರ್ ನೋಡಲು ಹೊಸದಾಗಿರುತ್ತದೆ, ಒಳಗಿನ ಎಳೆ ತುಂಡಾಗಿರುತ್ತದೆ. ಪೆಂಡೆಂಟ್ ಎಡಕ್ಕೆ ಹಿಡಿದರೆ ಓಡುತ್ತದೆ, ಬಲಕ್ಕೆ ಹಿಡಿದರೆ ನಿಲ್ಲುತ್ತದೆ ಎಂಬ ದೂರು ಬಂದರೆ ಪ್ಯಾನೆಲ್ ಬಾಗಿಲು ತೆಗೆಯುವುದೇ ಬೇಡ. ಎರಡೂ ತುದಿಯಲ್ಲಿ ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಹೋಗುವಲ್ಲಿ ಅದನ್ನು ಬಿಗಿಹಿಡಿಯುವ ಭಾಗ) ಬಳಿಯ ಒಂದು ಅಡಿ ಉದ್ದವನ್ನು ಬಗ್ಗಿಸುತ್ತ ಕಂಟಿನ್ಯುಟಿ (ಎಳೆ ತುಂಡಾಗದೆ ಇದೆಯೇ) ನೋಡಿ.

ಒಂದೇ ದಿಕ್ಕಿಗೆ ಹೋಗುತ್ತದೆ, ಇನ್ನೊಂದಕ್ಕೆ ಇಲ್ಲವೆಂದರೆ ಆ ದಿಕ್ಕಿನ ಲಿಮಿಟ್ ಸ್ವಿಚ್ ತೆರೆದೇ ಉಳಿದಿದೆಯೇ ನೋಡಿ. ಲಿವರ್ ತುಕ್ಕು ಹಿಡಿದು ಹಿಂದಕ್ಕೆ ಬಾರದೆ ಹೋಗುತ್ತದೆ. ಅದು ಸರಿಯಿದ್ದರೆ ಇಂಟರ್‌ಲಾಕ್ ನೋಡಿ. ಇಳಿಸುವ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಹೋಗುವ ತಂತಿ ಎತ್ತುವ ಕಾಂಟ್ಯಾಕ್ಟರ್‌ನ ಒಂದು ಸಣ್ಣ ಸಹಾಯಕ ಕಾಂಟ್ಯಾಕ್ಟ್ ಮೂಲಕ ಹಾದು ಬರುತ್ತದೆ, ಎರಡೂ ಒಟ್ಟಿಗೆ ಕೂರದಿರಲಿ ಎಂದು. ಆ ಕಾಂಟ್ಯಾಕ್ಟ್‌ನಲ್ಲಿ ಧೂಳು ಕೂತರೆ ಇಳಿಸುವ ಕಡೆ ಸತ್ತುಹೋಗುತ್ತದೆ. ಅದನ್ನು ಸ್ವಚ್ಛ ಮಾಡಿ ಅಥವಾ ಬದಲಿಸಿ. ತಂತಿ ತುಂಡು ಹಾಕಿ ಬೈಪಾಸ್ ಮಾಡಿದರೆ ಮುಂದೊಂದು ದಿನ ಎರಡೂ ಕಾಂಟ್ಯಾಕ್ಟರ್ ಒಟ್ಟಿಗೆ ಕೂತು ಎರಡು ಫೇಸ್ ನೇರವಾಗಿ ಶಾರ್ಟ್ ಆಗುತ್ತವೆ.

ಗುಂಯ್‌ಗುಡುತ್ತದೆ, ತಿರುಗುವುದಿಲ್ಲ

ಬಟನ್ ಒತ್ತಿ ಹಿಡಿಯಬೇಡಿ. ನಿಂತ ಮೋಟಾರ್ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತಿರುತ್ತದೆ. ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಕಿಲ್ಲ.

ಮೊದಲು ಫೇಸ್. ಕಾಂಟ್ಯಾಕ್ಟರ್‌ನ ಒಳಬದಿಯಲ್ಲಿ (ಕರೆಂಟ್ ಬರುವ ಕಡೆ) ಮೂರು ಫೇಸ್‌ಗಳ ನಡುವೆ ಎರಡೆರಡನ್ನು ಅಳೆಯಿರಿ, ಆಮೇಲೆ ಹೊರಬದಿಯಲ್ಲಿ (ಮೋಟಾರಿಗೆ ಹೋಗುವ ಕಡೆ). ಇದು ಜೀವಂತ ಕರೆಂಟಿನ ಅಳತೆ, ಇದಕ್ಕೆ ಅರ್ಹತೆ ಇದ್ದವರೇ ಕೈ ಹಾಕಲಿ. ಒಳಬದಿಯಲ್ಲಿ ಮೂರೂ ಸರಿಯಿದ್ದು ಹೊರಬದಿಯಲ್ಲಿ ಒಂದು ಕಡಿಮೆಯಿದ್ದರೆ ಆ ಪೋಲಿನ ಕಾಂಟ್ಯಾಕ್ಟ್ ಸುಟ್ಟಿದೆ. ಒಳಬದಿಯಲ್ಲೇ ಇಲ್ಲದಿದ್ದರೆ ಫ್ಯೂಸ್, ಐಸೊಲೇಟರ್, ಅಥವಾ ಬಸ್‌ಬಾರ್ (ಹೋಯ್ಸ್ಟ್ ಓಡುವ ಉದ್ದಕ್ಕೂ ಕರೆಂಟ್ ಒದಗಿಸುವ ಪಟ್ಟಿ) ಮೇಲೆ ಜಾರುವ ಕಲೆಕ್ಟರ್ ಶೂ. ಹೋಯ್ಸ್ಟ್ ಉದ್ದಕ್ಕೂ ಓಡಾಡುವಾಗ ಒಂದೇ ಜಾಗದಲ್ಲಿ ಕೈಕೊಡುತ್ತದೆಂದರೆ ಆ ಶೂ ಮತ್ತು ಆ ಜಾಗದ ಬಸ್‌ಬಾರ್ ಜಾಯಿಂಟ್ ನೋಡಿ.

ಒಂದು ಫೇಸ್ ಕಳೆದುಕೊಂಡ ಹೋಯ್ಸ್ಟ್ ಬರೀ ನಿಂತುಬಿಟ್ಟರೆ ಒಳ್ಳೆಯದು. ಉಳಿದ ಎರಡು ಫೇಸ್‌ಗಳಿಂದಲೇ ಬ್ರೇಕಿಗೆ ಕರೆಂಟ್ ಹೋಗುತ್ತಿದ್ದರೆ ಬ್ರೇಕ್ ಬಿಡುತ್ತದೆ, ಮೋಟಾರಿಗೆ ಎತ್ತುವ ಶಕ್ತಿ ಇರುವುದಿಲ್ಲ. ಮೇಲಿನ ಬಟನ್ ಒತ್ತಿದ ಆಪರೇಟರ್‌ನ ಕಣ್ಣೆದುರೇ ಲೋಡ್ ಕೆಳಗೆ ಜಾರತೊಡಗುತ್ತದೆ. ಗಾಬರಿಯಲ್ಲಿ ಆತ ಇನ್ನೂ ಗಟ್ಟಿಯಾಗಿ ಒತ್ತುತ್ತಾನೆ. ಇಂಥ ಗಳಿಗೆಯಲ್ಲಿ ಬಟನ್ ಬಿಡಬೇಕು, ಬಿಟ್ಟರೆ ಮಾತ್ರ ಸ್ಪ್ರಿಂಗ್ ಹಿಡಿಯುತ್ತದೆ ಎಂಬುದನ್ನು ಪ್ರತಿ ಆಪರೇಟರ್‌ಗೂ ಬಾಯಲ್ಲಿ ಹೇಳಿ, ಖಾಲಿ ಹುಕ್ಕಿನಲ್ಲಿ ಮಾಡಿಸಿಯೂ ತೋರಿಸಿ.

ಫೇಸ್ ಮೂರೂ ಇವೆ, ಖಾಲಿ ಹುಕ್ ಏರುತ್ತದೆ, ಲೋಡ್ ಹಾಕಿದರೆ ಮಾತ್ರ ಒದ್ದಾಡುತ್ತದೆ ಎಂದರೆ ಎತ್ತಲು ಶುರುಮಾಡುವ ಕ್ಷಣದಲ್ಲಿ ವೋಲ್ಟೇಜ್ ಅಳೆಯಿರಿ. ಹೋಯ್ಸ್ಟ್ ನಿಂತಿರುವಾಗ 415 ತೋರಿಸುವ ಮೀಟರ್ ಏನನ್ನೂ ಹೇಳುವುದಿಲ್ಲ. ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: ವೋಲ್ಟೇಜ್ 10 ಶೇಕಡಾ ಬಿದ್ದರೆ ಟಾರ್ಕ್ 19 ಶೇಕಡಾ ಹೋಯಿತು. ಉದ್ದ, ಸಪೂರ ಕೇಬಲ್ ಎಳೆದಿರುವ ಕಡೆ ಇದು ಮಾಮೂಲು.

ಇನ್ನು ಬ್ರೇಕ್. ಇದರ ಕಾಯಿಲ್ ಹೆಚ್ಚಾಗಿ ಡಿಸಿ, ಟರ್ಮಿನಲ್ ಬಾಕ್ಸ್‌ನೊಳಗೆ ಎಸಿಯನ್ನು ಡಿಸಿ ಮಾಡುವ ಒಂದು ಪುಟ್ಟ ರೆಕ್ಟಿಫೈಯರ್ ಇರುತ್ತದೆ. ಹಾಫ್ ವೇವ್ ಆದರೆ ಕೊಟ್ಟ ಎಸಿಯ 0.45 ಪಾಲು, ಫುಲ್ ವೇವ್ ಆದರೆ 0.9 ಪಾಲು ಡಿಸಿ ಹೊರಬರಬೇಕು. 400 ವೋಲ್ಟ್ ಎಸಿ ಕೊಟ್ಟ ಹಾಫ್ ವೇವ್ ರೆಕ್ಟಿಫೈಯರ್ 180 ವೋಲ್ಟ್ ಡಿಸಿ ಕೊಡಬೇಕು. ಎಸಿ ಇದೆ, ಡಿಸಿ ಇಲ್ಲ: ರೆಕ್ಟಿಫೈಯರ್ ಹೋಗಿದೆ. ಡಿಸಿಯೂ ಇದೆ, ಟಿಕ್ ಇಲ್ಲ: ಕರೆಂಟ್ ತೆಗೆದು, ಕಾಯಿಲ್ ತಂತಿ ಬಿಚ್ಚಿ, ಓಮ್ ಅಳೆಯಿರಿ. 180 ವೋಲ್ಟಿನ 30 ವ್ಯಾಟ್ ಕಾಯಿಲ್ ಸುಮಾರು 1080 ಓಮ್ ತೋರಿಸಬೇಕು. ನಿಮ್ಮದರ ಲೆಕ್ಕವನ್ನು ಅದರ ಪ್ಲೇಟ್ ನೋಡಿ ಹಾಕಿಕೊಳ್ಳಿ. ಅನಂತ ತೋರಿಸಿದರೆ ತುಂಡಾಗಿದೆ, ತೀರಾ ಕಡಿಮೆ ತೋರಿಸಿದರೆ ಒಳಗೆ ಶಾರ್ಟ್.

ಕಾಯಿಲೂ ಸರಿ, ವೋಲ್ಟೇಜೂ ಸರಿ ಎಂದಾಗಲೇ ಫೀಲರ್ ಗೇಜ್ ಬೇಕಾಗುವುದು. ಲೈನಿಂಗ್ (ಬ್ರೇಕ್ ಡಿಸ್ಕಿನ ಉಜ್ಜುವ ಪದರ) ಸವೆದಂತೆ ಕಾಯಿಲ್‌ಗೂ ಪ್ಲೇಟ್‌ಗೂ ನಡುವಿನ ಗ್ಯಾಪ್ ಬೆಳೆಯುತ್ತದೆ, ಆಯಸ್ಕಾಂತದ ಎಳೆತ ಸಾಲದೆ ಹೋಗುತ್ತದೆ. ಬೆಳಿಗ್ಗೆ ಓಡಿ ಮಧ್ಯಾಹ್ನ ನಿಲ್ಲುವ ಗುಟ್ಟು ಇಲ್ಲಿದೆ. ತಾಮ್ರದ ರೋಧ ಪ್ರತಿ ಡಿಗ್ರಿ ಬಿಸಿಗೆ ಸುಮಾರು 0.4 ಶೇಕಡಾ ಏರುತ್ತದೆ. ಕಾಯಿಲ್ 60 ಡಿಗ್ರಿಯಷ್ಟು ಬಿಸಿ ಏರಿತೆಂದರೆ ಅದರ ಕರೆಂಟ್ ಐದರಲ್ಲಿ ಒಂದು ಪಾಲು ಕುಸಿದಿರುತ್ತದೆ. ತಣ್ಣಗಿದ್ದಾಗ ಹೇಗೋ ಎಳೆದುಕೊಳ್ಳುತ್ತಿದ್ದ ಪ್ಲೇಟ್ ಬಿಸಿಯಾದಾಗ ಮಿಸುಕುವುದಿಲ್ಲ. ಗ್ಯಾಪನ್ನು ಸುತ್ತಲೂ ಮೂರು ಕಡೆ ಅಳೆದು ತಯಾರಕರು ಹೇಳಿದ ಅಳತೆಗೆ ತನ್ನಿ. ಲೈನಿಂಗ್ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ ಹೊಂದಿಸುತ್ತ ಕೂರಬೇಡಿ, ಡಿಸ್ಕ್ ಬದಲಿಸಿ.

ಬ್ರೇಕ್ ಗ್ಯಾಪ್ ಸರಿಯಿದ್ದೂ ಮೋಟಾರ್ ಬಿಸಿಯಾಗಿ ಥರ್ಮಲ್ ಸ್ವಿಚ್ ತೆರೆಯುತ್ತಿದ್ದರೆ ಆಪರೇಟರ್ ಪಕ್ಕದಲ್ಲಿ ಹತ್ತು ನಿಮಿಷ ನಿಂತು ನೋಡಿ. ಎಂ5 ದರ್ಜೆಯ (ಎಷ್ಟು ದುಡಿಸಬಹುದೆಂದು ಹೇಳುವ ದರ್ಜೆ) ಹೋಯ್ಸ್ಟ್‌ಗೆ ಗಂಟೆಗೆ 240 ಸ್ಟಾರ್ಟ್, 40 ಶೇಕಡಾ ಓಟ ಎಂಬ ಲೆಕ್ಕವಿದೆ. ಅಂದರೆ ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಓಟ, ನಲವತ್ತು ಸ್ಟಾರ್ಟ್. ಅಚ್ಚಿನ ಮೇಲೆ ಅಚ್ಚು ಕೂರಿಸುವಾಗ ಟಕ್‌ಟಕ್‌ಟಕ್ ಎಂದು ಬಟನ್ ಒತ್ತುವ ಕೈ ಆ ನಲವತ್ತನ್ನು ಎರಡೇ ನಿಮಿಷದಲ್ಲಿ ಮುಗಿಸಿಬಿಡುತ್ತದೆ. ಅದು ಮೆಷಿನ್ನಿನ ದೋಷವಲ್ಲ. ಎರಡು ವೇಗದ ಹೋಯ್ಸ್ಟ್ ಬೇಕು ಎಂದು ಮೇಲಿನವರಿಗೆ ಬರೆದುಕೊಡಿ.

ಬಟನ್ ಬಿಟ್ಟ ಮೇಲೂ ಲೋಡ್ ಜಾರುತ್ತದೆ

ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆದರಬೇಕು. ಇಂಚು ಜಾರಿದರೂ ಹೋಯ್ಸ್ಟನ್ನು ಅಲ್ಲೇ ನಿಲ್ಲಿಸಿ, ಬೋರ್ಡ್ ನೇತುಹಾಕಿ. ಲೈನಿಂಗ್ ಸವೆತ, ಸ್ಪ್ರಿಂಗ್ ಸೋತಿರುವುದು, ಗೇರ್‌ಬಾಕ್ಸ್‌ನ ಆಯಿಲ್ ಸೀಲ್ ಸೋರಿ ಲೈನಿಂಗ್‌ಗೆ ಎಣ್ಣೆ ತಾಗಿರುವುದು, ಇವು ಕಣ್ಣಿಗೆ ಕಾಣುವ ಕಾರಣಗಳು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲ್ ಹಾಕಿ ಒರೆಸಿ ಮತ್ತೆ ಕೂರಿಸುವವರಿದ್ದಾರೆ. ಎರಡು ದಿನದಲ್ಲಿ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಸೀಲ್ ಬದಲಿಸಿ, ಲೈನಿಂಗೂ ಬದಲಿಸಿ.

ಕಣ್ಣಿಗೆ ಕಾಣದ ಕಾರಣವೊಂದಿದೆ. ಬ್ರೇಕ್ ಹಿಡಿಯುತ್ತದೆ, ಆದರೆ ತಡವಾಗಿ ಹಿಡಿಯುತ್ತದೆ. ರೆಕ್ಟಿಫೈಯರ್‌ಗೆ ಬರುವ ಎಸಿಯನ್ನು ಮಾತ್ರ ಕಡಿದರೆ ಕಾಯಿಲ್‌ನ ಕರೆಂಟ್ ಡಯೋಡ್ ಮೂಲಕ ಸುತ್ತುತ್ತ ನಿಧಾನವಾಗಿ ಸಾಯುತ್ತದೆ, ಅಷ್ಟು ಹೊತ್ತು ಬ್ರೇಕ್ ತೆರೆದೇ ಇರುತ್ತದೆ. ಅದಕ್ಕೇ ಹೋಯ್ಸ್ಟ್‌ಗಳಲ್ಲಿ ಡಿಸಿ ಬದಿಯನ್ನೂ ಒಂದು ಕಾಂಟ್ಯಾಕ್ಟ್‌ನಿಂದ ಕಡಿಯುತ್ತಾರೆ. ರೆಕ್ಟಿಫೈಯರ್ ಬದಲಿಸುವಾಗ ಯಾರಾದರೂ ಆ ಕಾಂಟ್ಯಾಕ್ಟ್ ಕೂರಬೇಕಾದ ಎರಡು ಟರ್ಮಿನಲ್‌ಗಳ ನಡುವೆ ಲಿಂಕ್ (ನೇರ ತಂತಿ ತುಂಡು) ಹಾಕಿದ್ದರೆ ಎಲ್ಲವೂ ಸರಿಯಾಗಿ ಓಡುತ್ತಿರುವಂತೆಯೇ ಕಾಣುತ್ತದೆ, ನಿಲ್ಲಿಸಿದಾಗ ಮಾತ್ರ ಲೋಡ್ ಗೇಣುದ್ದ ಇಳಿಯುತ್ತದೆ. ರೆಕ್ಟಿಫೈಯರ್‌ಗೆ ಎಸಿಯನ್ನು ಮೋಟಾರ್ ಟರ್ಮಿನಲ್‌ನಿಂದಲೇ ಎಳೆದಿದ್ದರೂ ಇದೇ ಕಥೆ: ಕಾಂಟ್ಯಾಕ್ಟರ್ ಬಿಟ್ಟ ಮೇಲೂ ತಿರುಗುತ್ತಿರುವ ಮೋಟಾರ್ ಒಂದಿಷ್ಟು ವೋಲ್ಟೇಜ್ ಹುಟ್ಟಿಸಿ ಬ್ರೇಕನ್ನು ತೆರೆದಿಡುತ್ತದೆ. 'ರೆಕ್ಟಿಫೈಯರ್ ಯಾವಾಗ ಬದಲಿಸಿದಿರಿ?' ಎಂದು ಕೇಳಿ. 'ಹೋದ ವಾರ' ಎಂಬ ಉತ್ತರ ಬಂದರೆ ಡಿಸ್ಕ್ ಬಿಚ್ಚುವ ಮುಂಚೆ ವೈರಿಂಗ್ ನೋಡಿ.

ಮೇಲೆ ಒತ್ತಿದರೆ ಕೆಳಗೆ ಹೋಗುತ್ತದೆ

ಸಪ್ಲೈ ಕೇಬಲ್ ಬದಲಿಸಿದ ಮರುದಿನ ಬರುವ ದೂರು ಇದು. ಎರಡು ಫೇಸ್ ಅದಲುಬದಲಾಗಿವೆ. ಪೆಂಡೆಂಟ್ ಒಳಗಿನ ಎರಡು ತಂತಿ ಅದಲುಬದಲು ಮಾಡಿದರೆ ಐದು ನಿಮಿಷದಲ್ಲಿ ಮುಗಿಯಿತು ಎನಿಸುತ್ತದೆ. ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. ಈಗ ಹುಕ್ಕನ್ನು ಮೇಲಕ್ಕೆ ಎಳೆಯುತ್ತಿರುವುದು ಇಳಿಸುವ ಕಾಂಟ್ಯಾಕ್ಟರ್. ಹುಕ್ ತುದಿ ಮುಟ್ಟಿ ಮೇಲಿನ ಲಿಮಿಟ್ ಸ್ವಿಚ್ಚನ್ನು ಒತ್ತುತ್ತದೆ, ಆ ಸ್ವಿಚ್ ಕಡಿಯುವುದು ಎತ್ತುವ ಕಾಂಟ್ಯಾಕ್ಟರನ್ನು. ಅದು ಮೊದಲೇ ಆಫ್ ಇದೆ. ಹುಕ್ ಬ್ಲಾಕ್ ಡ್ರಮ್ಮಿಗೆ ಬಡಿದು ರೋಪ್ ಹರಿಯುವವರೆಗೂ ಮೋಟಾರ್ ಎಳೆಯುತ್ತಲೇ ಇರುತ್ತದೆ. ದಿಕ್ಕು ತಪ್ಪಿದರೆ ಸರಿಪಡಿಸಬೇಕಾದ ಜಾಗ ಒಂದೇ, ಒಳಬರುವ ಸಪ್ಲೈಯ ಯಾವುದಾದರೂ ಎರಡು ಫೇಸ್. ಮುಗಿಸಿದ ಮೇಲೆ ಖಾಲಿ ಹುಕ್ಕನ್ನು ನಿಧಾನವಾಗಿ ಏರಿಸಿ ಲಿಮಿಟ್ ನಿಜಕ್ಕೂ ನಿಲ್ಲಿಸುತ್ತದೆಯೇ ನೋಡಲೇಬೇಕು. ಆ ಲಿಮಿಟ್ ಇರುವುದು ಕೈತಪ್ಪಿದ ದಿನಕ್ಕೆ. ದಿನವೂ ಅದಕ್ಕೆ ಬಡಿಸಿಯೇ ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಿಸಿ.

ಬಟನ್ ಬಿಟ್ಟರೂ ನಿಲ್ಲುವುದೇ ಇಲ್ಲ

ಕಾಂಟ್ಯಾಕ್ಟರ್‌ನ ಕಾಂಟ್ಯಾಕ್ಟ್‌ಗಳು ಕರಗಿ ಅಂಟಿಕೊಂಡಿವೆ. ಎಮರ್ಜೆನ್ಸಿ ಸ್ಟಾಪ್ ಒಂದು ಪ್ರತ್ಯೇಕ ಮೇನ್ ಕಾಂಟ್ಯಾಕ್ಟರನ್ನು ಬೀಳಿಸುವಂತಿದ್ದರೆ ಹೋಯ್ಸ್ಟ್ ನಿಲ್ಲುತ್ತದೆ. ಅದು ಬರೀ ಕಂಟ್ರೋಲ್ ವೋಲ್ಟೇಜನ್ನು ಮಾತ್ರ ಕಡಿಯುವ ಹಳೆಯ ಹೋಯ್ಸ್ಟ್ ಆದರೆ ಅಂಟಿಕೊಂಡ ಕಾಂಟ್ಯಾಕ್ಟರ್‌ಗೆ ಅದರ ಗೊಡವೆಯೇ ಇಲ್ಲ, ಐಸೊಲೇಟರ್ ಒಂದೇ ದಾರಿ. ಐಸೊಲೇಟರ್ ಎಲ್ಲಿದೆ, ಅದರ ಮುಂದೆ ಪೆಟ್ಟಿಗೆಗಳನ್ನು ಒಟ್ಟಿಲ್ಲವಷ್ಟೇ ಎಂದು ಪಾಳಿ ಶುರುವಾಗುವ ಮೊದಲೇ ನೋಡಿಟ್ಟುಕೊಳ್ಳಿ. ಅಂಟಿದ ಕಾಂಟ್ಯಾಕ್ಟನ್ನು ಅರ ಹಾಕಿ ಉಜ್ಜಿ ಮತ್ತೆ ಹಾಕುವುದು ಬೇಡ. ಇಡೀ ಕಾಂಟ್ಯಾಕ್ಟರ್ ಬದಲಿಸಿ. ಅಂಟಿದ್ದೇಕೆ ಎಂಬುದಕ್ಕೂ ಉತ್ತರ ಬೇಕು. ಮೇಲೆ ಹೇಳಿದ ಟಕ್‌ಟಕ್ ಕೈ, ಇಲ್ಲವೇ ಕಂಟ್ರೋಲ್ ವೋಲ್ಟೇಜ್ ಕಡಿಮೆಯಾಗಿ ಕಾಂಟ್ಯಾಕ್ಟರ್ ಗಡಗಡ ನಡುಗುವುದು, ಸಾಮಾನ್ಯವಾಗಿ ಇವೆರಡರಲ್ಲಿ ಒಂದು.

ಚೈನ್, ರೋಪ್, ಕ್ಲಚ್

ಚೈನ್ ಹೋಯ್ಸ್ಟ್ ಲೋಡ್ ಎತ್ತುವಾಗ ಟಕ್ ಟಕ್ ಎಂದು ಜಿಗಿದರೆ ಚೈನ್ ಒಣಗಿದೆ, ತಿರುಚಿದೆ ಅಥವಾ ಉದ್ದವಾಗಿದೆ. ಎರಡು ಎಳೆಯ ಹೋಯ್ಸ್ಟ್‌ನಲ್ಲಿ ಹುಕ್ ಬ್ಲಾಕ್ ಚೈನಿನ ನಡುವೆ ಪಲ್ಟಿ ಹೊಡೆದು ಹಾಗೇ ಉಳಿದಿರುವುದುಂಟು, ಕೊಂಡಿಗಳ ಬೆಸುಗೆಯ ಗುರುತನ್ನು ಅನುಸರಿಸುತ್ತ ಹೋದರೆ ಗೊತ್ತಾಗುತ್ತದೆ. ಹನ್ನೊಂದು ಕೊಂಡಿಗಳ ಉದ್ದ ಹೊಸದಕ್ಕಿಂತ 2 ಶೇಕಡಾ ಹೆಚ್ಚಿದ್ದರೆ ಚೈನ್ ತೆಗೆದುಹಾಕಿ. ವೈರ್ ರೋಪಿನಲ್ಲಿ ತುಂಡಾದ ಎಳೆ, ಕುಗ್ಗಿದ ವ್ಯಾಸ, ಹಕ್ಕಿಗೂಡಿನಂತೆ ಉಬ್ಬಿದ ಜಾಗ ನೋಡಿ. ಹುಕ್ ಪೂರ್ತಿ ಕೆಳಗಿದ್ದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ ಎರಡು ಸುತ್ತು ಉಳಿದಿರಬೇಕು. ರೋಪ್ ಗೈಡ್ (ಡ್ರಮ್ಮಿನ ಮೇಲೆ ರೋಪನ್ನು ಸಾಲಾಗಿ ಕೂರಿಸುವ ಭಾಗ) ಪದೇಪದೇ ಮುರಿಯುತ್ತಿದ್ದರೆ ಯಾರೋ ಲೋಡನ್ನು ಓರೆಯಾಗಿ ಎಳೆಯುತ್ತಿದ್ದಾರೆ. ಹತ್ತನೇ ಗೈಡ್ ಹಾಕಿದರೂ ಅದೂ ಮುರಿಯುತ್ತದೆ.

ಮೋಟಾರ್ ತಿರುಗಿ ಹುಕ್ ನಿಂತಾಗ ಕ್ಲಚ್ಚಿನ ನಟ್ ಬಿಗಿ ಮಾಡುವ ಆಸೆ ಬರುತ್ತದೆ. ಮೊದಲು ಲೋಡಿನ ತೂಕ ಖಚಿತ ಮಾಡಿಕೊಳ್ಳಿ. ಹೆಚ್ಚಿನ ಸಲ ಕ್ಲಚ್ ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ: ತೂಕ ಜಾಸ್ತಿಯಿದೆ, ಅಥವಾ ಲೋಡ್ ನೆಲದ ಬೋಲ್ಟಿಗೆ ಇನ್ನೂ ಕಚ್ಚಿಕೊಂಡಿದೆ. ತೂಕ ಮಿತಿಯೊಳಗಿದ್ದೂ ಜಾರಿದರೆ ಅದನ್ನು ತಯಾರಕರು ಹೇಳಿದ ತೂಕವಿಟ್ಟು ಹೊಂದಿಸಬೇಕು, ಅಂದಾಜಿನಲ್ಲಲ್ಲ.

ಮತ್ತೆ ಓಡಿಸುವಾಗ

ಉಪಕರಣಗಳನ್ನು ಎಣಿಸಿ ಕವರ್ ಹಾಕಿ, ಬೀಗ ಹಾಕಿದವರೇ ತೆಗೆಯಲಿ. ಖಾಲಿ ಹುಕ್ಕಿನಲ್ಲಿ ದಿಕ್ಕು, ಎರಡೂ ಲಿಮಿಟ್, ಎಮರ್ಜೆನ್ಸಿ ಸ್ಟಾಪ್. ಆಮೇಲೆ ಗೊತ್ತಿರುವ ತೂಕದ ಸಣ್ಣ ಲೋಡ್, ಅದು ಸರಿಹೋದರೆ ಹೋಯ್ಸ್ಟ್‌ನ ಪೂರ್ತಿ ಸಾಮರ್ಥ್ಯದ ಲೋಡ್. ನೆಲದಿಂದ ಒಂದು ಗೇಣು ಮಾತ್ರ ಎತ್ತಿ ನಿಲ್ಲಿಸಿ. ಪಕ್ಕದ ಕಂಬದ ಮೇಲೆ ಲೋಡಿನ ಅಂಚಿಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹತ್ತು ನಿಮಿಷ ಬಿಡಿ. ಹಾಗೇ ಏರಿಸಿ ಇಳಿಸಿ ಮೂರು ಸಲ ಮಾಡಿ, ಪ್ರತಿ ಸಲವೂ ಇಳಿಸುವಾಗ ಬಟನ್ ಬಿಟ್ಟಲ್ಲಿಂದ ಎಷ್ಟು ಜಾರಿ ನಿಂತಿತು ಎಂದು ಅಳೆದು ಲಾಗ್ ಪುಸ್ತಕದಲ್ಲಿ ಬ್ರೇಕ್ ಗ್ಯಾಪಿನ ಅಳತೆಯ ಪಕ್ಕದಲ್ಲೇ ಬರೆಯಿರಿ. ಮುಂದಿನ ತಿಂಗಳು ಬರುವವರಿಗೆ ಬೇಕಾಗುವುದು ಆ ಎರಡು ಅಂಕಿಗಳು.